ಕಿವಿಯೊಳಗೇ ಕರೆಂಟ್!

ಪಡುಬಿದ್ರಿಯ ಆಸುಪಾಸಿನಲ್ಲಿ ಕರೆಂಟ್ ಹುಟ್ಟುವ ಜಾಗ ಯಾವುದು? ‘ಎಲ್ಲೂರಿನ ಸ್ಥಾವರ, 1,200 ಮೆಗಾವಾಟ್’ ಎನ್ನುತ್ತೀರಿ. ಸರಿ! ಆದರೆ ಇನ್ನೊಂದಿದೆ. ಅದಕ್ಕಿಂತ ಹತ್ತಿರ. ತೀರಾ ಹತ್ತಿರ! ಹೇಳಿ ನೋಡೋಣ?

ನಿಮ್ಮ ಕಿವಿಯೊಳಗೆ!

ಒಳಕಿವಿಯ ಸುರುಳಿ, ಅಂದರೆ ಕಾಕ್ಲಿಯಾದ ನಡುನಾಳದಲ್ಲಿ ಒಂದು ಹನಿಗಿಂತಲೂ ಕಡಿಮೆ ದ್ರವವಿದೆ. ರಕ್ತದಲ್ಲಿ ಸೋಡಿಯಂ ಜಾಸ್ತಿ, ಪೊಟ್ಯಾಸಿಯಂ ಅತ್ಯಲ್ಪ. ಇಲ್ಲಿ ಪೂರಾ ತಿರುಗುಮುರುಗು! ಪೊಟ್ಯಾಸಿಯಂ ಎಷ್ಟು ಗೊತ್ತೇ? ಅದಕ್ಕೆಂದೇ ಹೆಸರಾದ ಬೊಂಡದ ನೀರಿನಲ್ಲಿರುವುದರ ಸುಮಾರು ಎರಡು ಪಟ್ಟು!

ಸಾಲದ್ದಕ್ಕೆ ಆ ದ್ರವ ಹಗಲೂ ರಾತ್ರಿ ಚಾರ್ಜ್ ಆಗಿಯೇ ಇರುತ್ತದೆ. ಪ್ಲಸ್ 80 ಮಿಲಿವೋಲ್ಟ್‌ನಷ್ಟು. ಇಷ್ಟೇನಾ ಎನಿಸಿತೇ? ತಾಳಿ! 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಗಿನಿಪಿಗ್‌ನ ಒಳಕಿವಿಗೆ ಎಲೆಕ್ಟ್ರೋಡ್ ಜೋಡಿಸಿ, ಆ ಕರೆಂಟಿನಲ್ಲೇ ಪುಟ್ಟ ರೇಡಿಯೊ ಚಿಪ್ ಓಡಿಸಿಬಿಟ್ಟರು. ಗಂಟೆಗಟ್ಟಲೆ!

ಈಗ ಬಯಲಾಟಕ್ಕೆ ಬನ್ನಿ. ಚೆಂಡೆಗೆ ಕೋಲು ಬಿತ್ತು. ಒಳಕಿವಿ ಅದುರಿತು. ಅಲ್ಲಿ ಸದ್ದು ಹಿಡಿಯುವ ಕೋಶ, ಅಂದರೆ ರೋಮಕೋಶದ ನೆತ್ತಿಯ ಸೂಕ್ಷ್ಮ ರೋಮಗಳು ಬಾಗಿದವು. ಅವುಗಳ ತುದಿಗೆ ಬಿಗಿದ ಎಳೆ ಜಗ್ಗಿತು. ಬಾಗಿಲು ತೆರೆಯಿತು. ಪೊಟ್ಯಾಸಿಯಂ ಒಳನುಗ್ಗಿತು! ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಹಿಡಿಯಲಿಲ್ಲ. ಸಾಮಾನ್ಯವಾಗಿ ನರಕೋಶವನ್ನು ಎಬ್ಬಿಸುವುದು ಸೋಡಿಯಂ. ಇಲ್ಲಿ ಆ ಕೆಲಸ ಪೊಟ್ಯಾಸಿಯಂನದು. ನನಗಂತೂ ಇದು ಎಷ್ಟು ಓದಿದರೂ ಬೆರಗೇ!

ಒಳಬಂದದ್ದು ಹೊರಹೋಗಬೇಕಲ್ಲ? ಕೋಶದ ಬುಡದಲ್ಲಿವೆ ಪೊಟ್ಯಾಸಿಯಂ ಚಾನೆಲ್‌ಗಳು. ಪೊಟ್ಯಾಸಿಯಂಗೆ ಮಾತ್ರ ದಾರಿ! ಅವುಗಳಲ್ಲೊಂದು ಕೆಸಿಎನ್‌ಕ್ಯೂ4. ಅದರ ಜೀನ್ ಕೆಟ್ಟರೆ ವರ್ಷ ಕಳೆದಂತೆ ಕಿವಿ ಮಂದವಾಗುತ್ತದೆ, ಮೊದಲು ತಾರಸ್ವರಕ್ಕೆ. ಹೊರಬಿದ್ದ ಪೊಟ್ಯಾಸಿಯಂ ಕಾಕ್ಲಿಯಾದ ಗೋಡೆ ಸೇರಿ, ಮತ್ತೆ ಅದೇ ದ್ರವಕ್ಕೆ ವಾಪಸ್. ಏನೂ ಪೋಲಿಲ್ಲ!

ಗೋಡೆಯಿಂದ ದ್ರವಕ್ಕೆ ಅದನ್ನು ಬಿಡುವ ಚಾನೆಲ್ ಕೆಸಿಎನ್‌ಕ್ಯೂ1. ಇದೇ ಚಾನೆಲ್ ಇನ್ನೊಂದು ಅಂಗದಲ್ಲೂ ಬಿಡುವಿಲ್ಲದೆ ದುಡಿಯುತ್ತದೆ. ಯಾವುದು? ಯೋಚಿಸಿ!

ಹೃದಯ!

1957ರಲ್ಲಿ ನಾರ್ವೆಯ ವೈದ್ಯರಾದ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದು ಕುಟುಂಬದ ಕಥೆ ಬರೆದರು. ಆರು ಮಕ್ಕಳು. ನಾಲ್ವರಿಗೆ ಹುಟ್ಟಿನಿಂದ ಕಿವುಡು. ಆ ನಾಲ್ವರೂ ಮೂರ್ಛೆ ಹೋಗುತ್ತಿದ್ದರು. ಮೂವರು ಹಠಾತ್ತನೆ ತೀರಿಕೊಂಡರು. ಇಸಿಜಿಯಲ್ಲಿ ಕ್ಯೂಟಿ ಅವಧಿ, ಅಂದರೆ ಪ್ರತಿ ಬಡಿತದಲ್ಲೂ ಹೃದಯದ ಕರೆಂಟ್ ಏರಿ ಇಳಿಯಲು ಹಿಡಿಯುವ ಹೊತ್ತು, ವಿಪರೀತ ಉದ್ದ! ಕಿವಿ, ಹೃದಯ ಎರಡಕ್ಕೂ ಒಂದೇ ಚಾನೆಲ್ ಎಂಬ ಗುಟ್ಟು ಬಯಲಾಗಲು 1997ರವರೆಗೆ ಕಾಯಬೇಕಾಯಿತು.

ಕಾಯಿಲೆ ಬಲು ಅಪರೂಪ. ತಾಯಿ, ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬಂದರಷ್ಟೇ ಕಾಣಿಸಿಕೊಳ್ಳುತ್ತದೆ. ಒಂದೇ ಕುಟುಂಬದವರಲ್ಲಿ ಒಂದೇ ದೋಷ ಇರಬಹುದಾದ್ದರಿಂದ, ಸೋದರಮಾವನ ಮಕ್ಕಳನ್ನು ಮದುವೆಯಾಗುವ ನಮ್ಮ ಕಡೆ ಇದು ಗೊತ್ತಿರಲೇಬೇಕು. ಹುಟ್ಟಿನಿಂದ ಕಿವಿ ಕೇಳದ ಮಗು ಆಡುತ್ತಾ, ಓಡುತ್ತಾ ಪ್ರಜ್ಞೆ ತಪ್ಪಿ ಬಿದ್ದರೆ ಫಿಟ್ಸ್ ಎಂದುಕೊಂಡು ಸುಮ್ಮನಾಗಬೇಡಿ. ಇಸಿಜಿ ಮಾಡಿಸಿ! ಪಡುಬಿದ್ರಿಯಿಂದ ಮಣಿಪಾಲವೇನು ದೂರವೇ? ಹೃದಯಕ್ಕೆ ಔಷಧಿಯಿದೆ. ಕಿವಿಗೆ? ಕರೆಂಟ್ ಇಲ್ಲದ ಆ ಕಾಕ್ಲಿಯಾದೊಳಗೂ ಶ್ರವಣ ನರ ಉಳಿದಿರುತ್ತದೆ. ಹೃದಯದ ಮೇಲೆ ಕಣ್ಣಿಟ್ಟು ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರೆ ಇಂಥ ಮಕ್ಕಳಿಗೂ ಕೇಳಿಸುತ್ತದೆ!