ಒಳ್ಳೆಯವರು ಯಾರು?

ಧನಿಕನೊಬ್ಬನು ಮೊಣಕಾಲೂರಿ ಯೇಸುಸ್ವಾಮಿಯನ್ನು ಒಳ್ಳೆಯ ಗುರುವೆಂದು ಸಂಬೋಧಿಸಿದನು. ದೇವರೊಬ್ಬರ ಹೊರತು ಒಳ್ಳೆಯವರಿಲ್ಲದಿರುವಾಗ ತಮ್ಮನ್ನೇಕೆ ಹಾಗೆ ಕರೆಯುವೆಯೆಂದು ಸ್ವಾಮಿ ಮರುಪ್ರಶ್ನಿಸಿದರು (ಮಾರ್ಕ 10). ಸ್ವಾಮಿ ದೇವರಲ್ಲವೆನ್ನಲು ಆರಿಯಸನ ಪಂಥದವರು ಇದನ್ನೇ ಹಿಡಿದರು. ಆತನ ಬೋಧನೆಯನ್ನು 325ರಲ್ಲಿ ನಿಸೇಯ ಮಹಾಸಭೆಯು ಖಂಡಿಸಿದ ಮೇಲೂ ವಾದ ನಿಲ್ಲಲಿಲ್ಲ. ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಕೊಟ್ಟ ಉತ್ತರ ನಮಗೆ ಒಪ್ಪಿಗೆ: ಸ್ವಾಮಿ ತಮ್ಮ ಒಳ್ಳೆಯತನವನ್ನು ಅಲ್ಲಗಳೆಯಲಿಲ್ಲ, ದೇವರೆಂದು ನಂಬದೆ ಒಳ್ಳೆಯವರೆನ್ನುವ ಉಪಚಾರವನ್ನು ಒಪ್ಪಲಿಲ್ಲ.

ಬೇಡಿದ್ದು ದೊರೆತ ದಿನ ನಾವೂ ದೇವರು ಒಳ್ಳೆಯವರೆನ್ನುತ್ತೇವೆ. ಅದೂ ಉಪಚಾರವೇ ಇರಬಹುದು. ಸಂತ ಮಾರ್ಕರು ಮಾತ್ರವೇ ಬರೆದಿಟ್ಟ ಸಂಗತಿಯೊಂದುಂಟು: ಸ್ವಾಮಿ ಆತನನ್ನು ದಿಟ್ಟಿಸಿ ಪ್ರೀತಿಸಿದರು. ಆ ಬಳಿಕವೇ, ಇರುವುದೆಲ್ಲವನ್ನೂ ಮಾರಿ ಬಡವರಿಗೆ ಕೊಡೆಂದರು. ಆತನು ದುಃಖದಿಂದ ಹೊರಟುಹೋದನು. ಸ್ವಾಮಿ ಮಾತನ್ನು ಸಡಿಲಿಸಲಿಲ್ಲ. ಪ್ರೀತಿಯನ್ನು ಹಿಂತೆಗೆದುಕೊಂಡರೆಂದೂ ಶುಭಸಂದೇಶವು ಹೇಳುವುದಿಲ್ಲ.