ಟೆಂಡರ್ ಕರೆಯದೇ ವಿಶ್ವವಿದ್ಯಾಲಯ ಖರೀದಿ ಮಾಡಬಹುದಾ? ‘4ಜಿ’ ಅಂದ್ರೇನು?

ಅಮರಗೋಳ: ಇಲ್ಲಿನ ಎಪಿಎಂಸಿಯಲ್ಲಿ ಒಂದು ರಾಶಿಗೆ ನಾಲ್ಕಾರು ಖರೀದಿದಾರರು ದರ ಬರೆದರೆ ರೈತನಿಗೆ ನ್ಯಾಯದ ರೇಟ್ ಸಿಗ್ತದೆ. ಸರ್ಕಾರಿ ವಿಶ್ವವಿದ್ಯಾಲಯ ಕುರ್ಚಿ, ಕಂಪ್ಯೂಟರ್, ಲ್ಯಾಬ್ ಸಾಮಾನು ಕೊಳ್ಳುವಾಗಲೂ ಲೆಕ್ಕ ಅದೇ. ಆದರೆ ಇಲ್ಲಿ ಷರತ್ತು ಪೂರೈಸಿ ಕಡಿಮೆ ದರ ಬರೆದವರಿಗೆ ಆರ್ಡರ್.

ಪಕ್ಕದ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಧಾರವಾಡದಲ್ಲಿ ಕರ್ನಾಟಕ ವಿ.ವಿ, ಕೃಷಿ ವಿ.ವಿ ಇವೆ. ಇಂಥ ಕಡೆ ಟೆಂಡರ್ ಇಲ್ಲದೇ ಆರ್ಡರ್ ಹೋದರೆ ಅಂಗಡಿಕಾರರಿಗೆ ಅನುಮಾನ ಬರೋದು ಸಹಜ. ಹಾಗಂತ ಅದು ಪ್ರತಿ ಸಲ ಅಕ್ರಮ ಅಲ್ಲ. ಕಾನೂನು ಒಪ್ಪುವ ಕಾರಣ ಕಡತದಲ್ಲಿ ಇದೆಯಾ ಅನ್ನೋದೇ ಪ್ರಶ್ನೆ.

ಕಾಯ್ದೆ ಏನು ಹೇಳ್ತದೆ?

ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡಿದ್ದು ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ–1999’. ಜನರ ಬಾಯಲ್ಲಿ ಇದು ಕೆಟಿಪಿಪಿ ಕಾಯ್ದೆ. ಇದರ ಕಲಂ 4ರಲ್ಲಿ ವಿನಾಯಿತಿಗಳಿವೆ. ಮುಖ್ಯವಾದವು ಇವು:

* 4(ಎ): ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿ.
* 4(ಬಿ): ವಸ್ತು ಒಬ್ಬರ ಹತ್ತಿರ ಮಾತ್ರ ಸಿಗ್ತದೆ, ಬದಲಿ ಇಲ್ಲ. ಇದನ್ನ ಮೂವರು ತಜ್ಞರ ಸಮಿತಿ ಪರಿಶೀಲಿಸಿ ಘೋಷಿಸಬೇಕು. ಖರೀದಿಸುವ ಸಂಸ್ಥೆಯವರು ಒಬ್ಬರು, ಅಂಥದ್ದೇ ಖರೀದಿ ಮಾಡುವ ಸರ್ಕಾರಿ ಸಂಸ್ಥೆಯವರು ಒಬ್ಬರು, ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯವರು ಒಬ್ಬರು.
* 4(ಸಿ): ಮೊದಲೇ ಕೊಂಡ ಯಂತ್ರಕ್ಕೆ ಹೊಂದುವ ಹೆಚ್ಚುವರಿ ಸಾಮಾನು. ಆದರೆ ದರ ನ್ಯಾಯವಾಗಿದೆಯಾ, ಹೊಸ ಖರೀದಿ ಮೂಲ ಖರೀದಿಗಿಂತ ಸಣ್ಣದಾ ಅಂತ ನೋಡಬೇಕು.
* 4(ಜಿ): ನಿರ್ದಿಷ್ಟ ಖರೀದಿಗೆ, ನಿರ್ದಿಷ್ಟ ಅವಧಿಗೆ ಸರ್ಕಾರವೇ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ. ವಿ.ವಿ ಪತ್ರ ಬರೆದು ಕೇಳಬಹುದು, ತಾನೇ ಕೊಟ್ಟುಕೊಳ್ಳೋಕೆ ಬರಲ್ಲ.

ಇವಲ್ಲದೇ ಕಾಯ್ದೆಯ ಮಿತಿಯೊಳಗಿನ ಸಣ್ಣ ಖರೀದಿಗೂ ಟೆಂಡರ್ ಬೇಕಿಲ್ಲ.

‘ಅರ್ಜೆಂಟ್’ ಅಂದ್ರೆ ಸಾಕಾ?

ಸಾಲದು. ಮಾರ್ಚ್ ಮುಗಿಯೋದ್ರೊಳಗೆ ಅನುದಾನ ಖರ್ಚಾಗಬೇಕು ಅನ್ನೋದು 4(ಎ) ಹೇಳುವ ತುರ್ತು ಅಲ್ಲ. ‘ನಮಗೆ ಇದೇ ಕಂಪನಿ ಬೇಕು’ ಅನ್ನೋದೂ 4(ಬಿ) ಅಲ್ಲ. ಅದೇ ಕೆಲಸ ಮಾಡುವ ಯಂತ್ರ ಇನ್ನೊಂದು ಕಂಪನಿಯಲ್ಲಿ ಸಿಕ್ಕರೆ ‘ಒಬ್ಬರೇ ಇದ್ದಾರೆ’ ಅನ್ನುವ ಮಾತು ನಿಲ್ಲಲ್ಲ.

ಹಾಗೇ, ವಿನಾಯಿತಿ ಎಲ್ಲಾ ಮೋಸ ಅನ್ನೋದೂ ತಪ್ಪು. ಲ್ಯಾಬಿನ ಹಳೇ ಯಂತ್ರಕ್ಕೆ ಅದೇ ಕಂಪನಿಯ ಬಿಡಿಭಾಗ ಮಾತ್ರ ಕೂಡ್ತದೆ ಅಂದ್ರೆ ಟೆಂಡರ್ ಕರೆದೂ ಉಪಯೋಗ ಇಲ್ಲ. ಅಷ್ಟರಲ್ಲಿ ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿ ನಿಂತಿರ್ತದೆ.

ಅಂಗಡಿಕಾರರು ಏನು ಮಾಡಬಹುದು?

ಮೊದಲು ರಾಜ್ಯದ ಇ–ಸಂಗ್ರಹಣೆ ಪೋರ್ಟಲ್ ಕೆಪಿಪಿಪಿಯಲ್ಲಿ ನೋಂದಣಿ ಮಾಡಿಸಿ. ಇಲ್ಲದಿದ್ದರೆ ಟೆಂಡರ್ ಕರೆದರೂ ದರ ಹಾಕೋಕೆ ಆಗಲ್ಲ.

‘ಒಬ್ಬರೇ ಇದ್ದಾರೆ’ ಅಂತ ಆರ್ಡರ್ ಹೊರಟಿದ್ದು, ನಿಮ್ಮ ಹತ್ತಿರವೂ ಆ ಮಾಲು ಇದ್ದರೆ, ವಿವರ ಮತ್ತು ದರ ಬರೆದು ಕುಲಸಚಿವರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೀರಿ.

ಖರೀದಿ ಮುಗಿದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಇರಲಿ. 30 ದಿನದಲ್ಲಿ ಉತ್ತರ ಬರಬೇಕು. ‘ಯಾಕೆ ಕೊಂಡ್ರಿ’ ಅಂತ ಕೇಳೋಕಿಂತ, ‘ಕಲಂ 4ರ ಯಾವ ಉಪಕಲಂ ಬಳಸಿದ್ದೀರಿ? ತಜ್ಞರ ಸಮಿತಿ ವರದಿ ಅಥವಾ ಸರ್ಕಾರದ ಅಧಿಸೂಚನೆಯ ಪ್ರತಿ ಕೊಡಿ’ ಅಂತ ಬರೀರಿ. ಕಾಗದ ಇದ್ದರೆ ಅನುಮಾನ ಹೋಗ್ತದೆ. ಇಲ್ಲದಿದ್ದರೆ ಮುಂದಿನ ದೂರಿಗೆ ಆ ಉತ್ತರವೇ ದಾಖಲೆ.