ಬಾಟಲಿಯ ಮೇಲಿನ ಪಾಠ

ಗ್ರಾಫಿಕ್ ವಿನ್ಯಾಸ ಎಂದೊಡನೆ ನಮಗೆ ಜಾಹೀರಾತು, ಪುಸ್ತಕದ ಮುಖಪುಟ ಇತ್ಯಾದಿ ನೆನಪಾಗುತ್ತವೆ. ಆದರೆ ದುಡಿಯುವ ಸ್ಥಳದಲ್ಲಿ ಕಲಿಸುವ ಸಾಮಗ್ರಿಗೆ ವಿನ್ಯಾಸವೆಂಬುದು ಅಲಂಕಾರವಲ್ಲ. ಕೆಲಸಗಾರರ ಜೀವ ಅದನ್ನು ಅವಲಂಬಿಸಿರುತ್ತದೆ. ಕೀಟನಾಶಕದ ಲೇಬಲ್ ಇದಕ್ಕೊಂದು ಉದಾಹರಣೆ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನವರು ಬಿಲ್ಲೇರಿ ನುಡಿಯುವ ಕಾರಣಿಕ ಚಿಕ್ಕದು. ಮಳೆ, ಬೆಳೆ, ರಾಜಕೀಯ ಎಂದು ಕೇಳಿದವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಅರ್ಥೈಸುತ್ತಾರೆ. ಅದೇ ಸುತ್ತಿನ ಹೊಲಗಳಲ್ಲಿ ಬಳಸುವ ಕೀಟನಾಶಕದ ಲೇಬಲ್ಲೂ ಚಿಕ್ಕದೇ. ಆದರೆ ಅದಕ್ಕೆ ಒಂದೇ ಅರ್ಥವಿರಬೇಕು. ರೈತರ ಮಾತಿನಲ್ಲಿ ಕೀಟನಾಶಕ 'ಎಣ್ಣೆ' ಅಥವಾ 'ಔಷಧಿ'. ಎರಡೂ ಹೆಸರು ವಿಷವನ್ನು ಸೂಚಿಸುವುದಿಲ್ಲ. ಅದನ್ನು ಹೇಳಬೇಕಾದುದು ಲೇಬಲ್ಲೇ.

1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲಿನ ಮುಖದ ಕನಿಷ್ಠ 16ನೇ ಒಂದು ಭಾಗದಷ್ಟು ಜಾಗದಲ್ಲಿ, ಮೂಲೆಯ ಮೇಲೆ ನಿಲ್ಲಿಸಿದ ಚೌಕವಿರಬೇಕು. ಅದರ ಮೇಲಿನ ತ್ರಿಕೋನದಲ್ಲಿ ಎಚ್ಚರಿಕೆಯ ಪದ, ಕೆಳಗಿನ ತ್ರಿಕೋನದಲ್ಲಿ ಬಣ್ಣ. ಪ್ರಯೋಗಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೇ (ಎಲ್‌ಡಿ50) ಇಲ್ಲಿ ಅಳತೆಗೋಲು. ಬಾಯಿಯ ಮೂಲಕ ಸೇರಿದಾಗ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಇದು 1ರಿಂದ 50 ಮಿಲಿಗ್ರಾಂ ಇದ್ದರೆ ಕೆಂಪು, 51ರಿಂದ 500 ಇದ್ದರೆ ಹಳದಿ, 501ರಿಂದ 5000 ಇದ್ದರೆ ನೀಲಿ, ಅದಕ್ಕೂ ಹೆಚ್ಚಿದ್ದರೆ ಹಸಿರು. ತಲೆಬುರುಡೆಯ ಚಿತ್ರ ಕೆಂಪು ವರ್ಗಕ್ಕೆ ಮಾತ್ರ. ಹಳದಿಗೆ 'ವಿಷ' ಎಂಬ ಪದವಷ್ಟೇ.

ತೊಡಕು ಇಲ್ಲಿಯೇ ಇದೆ. ರಸ್ತೆಯ ದೀಪದಿಂದ ನಾವು ಕಲಿತ ಹಳದಿಯ ಅರ್ಥ 'ಸ್ವಲ್ಪ ನಿಧಾನ'. ಬಾಟಲಿಯ ಮೇಲೆ ಅದು ಎರಡನೆಯ ತೀವ್ರ ವಿಷ. ತಂಪೆನಿಸುವ ನೀಲಿ ಕೂಡ ನಿರಪಾಯಕಾರಿಯಲ್ಲ, ಹಸಿರೂ ಅಲ್ಲ. ಬಣ್ಣ ತಾನಾಗಿ ಅರ್ಥ ಹೇಳುವುದಿಲ್ಲ, ಅದನ್ನು ಕಲಿಸಬೇಕು.

ಈಗ ಭೌತವಿಜ್ಞಾನದ ಕಡೆ ಬನ್ನಿ. ಅಕ್ಷರದ ಎತ್ತರವನ್ನು ದೂರದಿಂದ ಭಾಗಿಸಿ 3438ರಿಂದ ಗುಣಿಸಿದರೆ ಅದು ಕಣ್ಣಿನಲ್ಲಿ ಉಂಟುಮಾಡುವ ಕೋನ ನಿಮಿಷಗಳಲ್ಲಿ ದೊರೆಯುತ್ತದೆ (60 ನಿಮಿಷಕ್ಕೆ ಒಂದು ಡಿಗ್ರಿ). ಆರೋಗ್ಯವಂತ ಕಣ್ಣು ಗುರುತಿಸಬಲ್ಲ ಪರೀಕ್ಷಾ ಅಕ್ಷರದ ಮಿತಿ ಸುಮಾರು 5 ನಿಮಿಷ. 1 ಮಿ.ಮೀ. ಅಕ್ಷರ 40 ಸೆಂ.ಮೀ. ದೂರದಲ್ಲಿ 8.6 ನಿಮಿಷದ ಕೋನ ಉಂಟುಮಾಡುತ್ತದೆ. ಚಾಳೀಸು ಬಂದವರು ಕನ್ನಡಕವಿಲ್ಲದೆ ಬಾಟಲಿಯನ್ನು 80 ಸೆಂ.ಮೀ. ದೂರ ಹಿಡಿದರೆ ಕೋನ 4.3ಕ್ಕೆ ಇಳಿದು, ಅಕ್ಷರ ಓದಲಾಗುವುದಿಲ್ಲ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವಾದ್ದರಿಂದ ಮೊದಲು ಮಸುಕಾಗುವುದು ಅವೇ. ಇನ್ನೊಂದು ಅಂಶ: ಕನ್ನಡದಲ್ಲಿ ನಿಷೇಧ ಬರುವುದು ಕ್ರಿಯಾಪದದ ತುದಿಯಲ್ಲಿ. 'ಗಾಳಿಗೆ ಎದುರಾಗಿ ಸಿಂಪಡಿಸಬೇಡಿ' ಎಂಬಲ್ಲಿ ಕೊನೆಯ ಎರಡಕ್ಷರ ತಪ್ಪಿದರೆ ಅರ್ಥ ತಲೆಕೆಳಗಾಗುತ್ತದೆ. ಇಂಥ ಸೂಚನೆಯನ್ನು ಚಿತ್ರದ ಜೊತೆಯಲ್ಲೇ ಕೊಡಬೇಕು.

ಬಣ್ಣಕ್ಕೆ ಈ ತೊಂದರೆ ಕಡಿಮೆ. ಲೇಬಲ್ಲಿನ ಮುಖ 8 ಸೆಂ.ಮೀ. ಚೌಕವಾಗಿದ್ದರೆ ನಿಯಮದ ಚೌಕದ ಬಾಹು 2 ಸೆಂ.ಮೀ., ಬಣ್ಣದ ತ್ರಿಕೋನದ ಎತ್ತರ ಸುಮಾರು 1.4 ಸೆಂ.ಮೀ. 5 ಮೀಟರ್ ದೂರದಲ್ಲೂ ಅದರ ಕೋನ 9 ನಿಮಿಷ ಮೀರುತ್ತದೆ. ಆದರೆ ಮುಸ್ಸಂಜೆಯಲ್ಲಿ ಬಣ್ಣವೂ ಕೈಕೊಡುತ್ತದೆ. ಹಗಲಿನಲ್ಲಿ ದುಡಿಯುವ ಶಂಕುಕೋಶಗಳ ಒಟ್ಟು ಸಂವೇದನೆ 555 ನ್ಯಾನೋಮೀಟರ್ ಬಳಿ ಗರಿಷ್ಠ, ಮಂದ ಬೆಳಕಿನಲ್ಲಿ ದುಡಿಯುವ ದಂಡಕೋಶಗಳದ್ದು 507ರ ಬಳಿ. ಆದ್ದರಿಂದ ಕತ್ತಲಾದಂತೆ ಕೆಂಪು ಕಪ್ಪಾಗಿ, ನೀಲಿ ಹೋಲಿಕೆಯಲ್ಲಿ ಬೆಳಗಿ ಕಾಣುತ್ತದೆ. ಇದು ಪುರ್ಕಿನ್ಯೆ ಪರಿಣಾಮ. ಅತ್ಯಂತ ಅಪಾಯಕಾರಿಯಾದ ಗುರುತೇ ಮೊದಲು ಮರೆಯಾಗುತ್ತದೆ! ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ ಹಗಲಿನಲ್ಲೂ ಈ ಕಷ್ಟ. ಹೀಗಾಗಿ ಬಣ್ಣ, ಆಕಾರ, ಪದ ಮೂರೂ ಒಂದೇ ಮಾತನ್ನು ಹೇಳಬೇಕು.

ಶಿಕ್ಷಕರು ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ನಿಜವಾದ ಬಾಟಲಿಗಳನ್ನು ತರಬೇಡಿ. 2 ಸೆಂ.ಮೀ. ಬಾಹುವಿನ ನಾಲ್ಕು ಚೌಕಗಳನ್ನು ಬರೆದು, ಕೆಳಗಿನ ಅರ್ಧಕ್ಕೆ ಬಣ್ಣ ಹಚ್ಚಿ, ಏನನ್ನೂ ವಿವರಿಸದೆ ವಿಷದ ಕ್ರಮದಲ್ಲಿ ಜೋಡಿಸಲು ಹೇಳಿ. ಕೋಣೆಯ ಬೆಳಕು ತಗ್ಗಿಸಿ ಮತ್ತೆ ಕೇಳಿ. ಮಕ್ಕಳು ಇದೇ ಪ್ರಶ್ನೆಯನ್ನು ಮನೆಯ ಹಿರಿಯರಿಗೂ ಕೇಳಲಿ. ಎಷ್ಟು ಜನ ಹಳದಿಯನ್ನು ನೀಲಿಯ ನಂತರ ಇಟ್ಟರೆಂದು ಎಣಿಸಿ. ಅಷ್ಟು ಜನರಿಗೆ ಆ ಲೇಬಲ್ ಇನ್ನೂ ಪಾಠ ಹೇಳಿಲ್ಲ.